ಬಿಟ್ಟುಹೋದ ಹೆಸರು



ಸಂಜೆಯ ಜಪಸರ ಮುಗಿದ ಮೇಲೆ ಮನೆಯ ಹಿರಿಯರು ಒಂದೊಂದೇ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ತೀರಿಕೊಂಡ ಅಜ್ಜ, ಅಜ್ಜಿ, ದೂರದ ಊರಿನಲ್ಲಿರುವ ಮಗ, ತುಂಬು ಗರ್ಭಿಣಿಯಾದ ಮಗಳು. ಆದರೆ ಆಸ್ತಿಯ ಜಗಳದಲ್ಲಿ ಮಾತು ಬಿಟ್ಟ ತಮ್ಮನ ಹೆಸರು ಬರಬೇಕಾದ ಕಡೆ ನಾಲಿಗೆ ತಡವರಿಸುತ್ತದೆ. ಆ ಹೆಸರನ್ನು ದಾಟಿ ಮುಂದಕ್ಕೆ ಹೋಗುತ್ತೇವೆ. ದೇವರಿಗೆ ಇದು ಗೊತ್ತಾಗುವುದಿಲ್ಲವೇ?

ಹೆಸರುಗಳನ್ನು ಪ್ರಾರ್ಥನೆಗಾಗಿ ಜೋಪಾನ ಮಾಡಿದ ಒಂದು ಮಠದ ವಿಷಯ ಹೇಳುತ್ತೇನೆ. ಜರ್ಮನಿಯ ದಕ್ಷಿಣದಲ್ಲಿ ಕಾನ್‌ಸ್ಟೆನ್ಸ್ ಎಂಬ ದೊಡ್ಡ ಸರೋವರವಿದೆ. ಅದರಲ್ಲಿರುವ ರೈಖೆನಾವ್ ದ್ವೀಪದಲ್ಲಿ ೭೨೪ರಲ್ಲಿ ಸಂತ ಪಿರ್ಮಿನರು ಮಠವನ್ನು ಸ್ಥಾಪಿಸಿದರು. ಅವರು ಕಾಲಿಟ್ಟಾಗ ದ್ವೀಪದ ಹಾವು, ಹುಳುಹುಪ್ಪಟೆಗಳೆಲ್ಲ ಈಜಿಕೊಂಡು ಓಡಿಹೋದವೆಂದು ಐತಿಹ್ಯ. ಕಾಡು ಹೋಗಿ ದೇವಾಲಯ ಬಂತು, ತೋಟ ಬಂತು, ಶಾಲೆ ಬಂತು. ಸಂತ ಬೆನೆಡಿಕ್ಟರ ನಿಯಮದಂತೆ ಸನ್ಯಾಸಿಗಳು ಪ್ರಾರ್ಥಿಸಿದರು, ದುಡಿದರು, ಗ್ರಂಥಗಳನ್ನು ಕೈಯಿಂದ ನಕಲು ಮಾಡಿದರು.

ಸುಮಾರು ೮೨೪ರಲ್ಲಿ ಅವರು ಒಂದು ವಿಶೇಷ ಪುಸ್ತಕವನ್ನು ಆರಂಭಿಸಿದರು. ಅದರಲ್ಲಿ ಕತೆಯಿಲ್ಲ, ಉಪದೇಶವಿಲ್ಲ, ಬರೀ ಹೆಸರುಗಳು. ದೂರದೂರದ ಮಠಗಳ ಸನ್ಯಾಸಿಗಳು, ಧರ್ಮಾಧ್ಯಕ್ಷರು, ಅರಸರು, ಸಾಮಾನ್ಯ ಗೃಹಸ್ಥರು, ಬದುಕಿದ್ದವರು, ಸತ್ತವರು – ಕಾಲಕ್ರಮೇಣ ಸುಮಾರು ೩೮,೦೦೦ ಹೆಸರುಗಳು ಅದರಲ್ಲಿ ಸೇರಿದವು. ನೀವು ನಮಗಾಗಿ ಪ್ರಾರ್ಥಿಸಿ, ನಾವು ನಿಮಗಾಗಿ ಪ್ರಾರ್ಥಿಸುತ್ತೇವೆ ಎಂಬುದೇ ಮಠಗಳ ನಡುವಿನ ಒಪ್ಪಂದ. ಅದೇ ದ್ವೀಪದ ಇನ್ನೊಂದು ದೇವಾಲಯದಲ್ಲಿ ಬಲಿಪೀಠದ ಕಲ್ಲಿನ ಮೇಲೆಯೇ ೩೦೦ಕ್ಕೂ ಹೆಚ್ಚು ಹೆಸರುಗಳು ಕಾಣಸಿಕ್ಕಿವೆ.

ಪುಸ್ತಕದ ಆ ಮೊದಲ ಹೆಸರುಗಳಲ್ಲಿ ಚಕ್ರವರ್ತಿ ಲೂಯಿ ಮತ್ತು ಅವರ ಮಕ್ಕಳ ಹೆಸರುಗಳಿವೆ. ಕೆಲವೇ ವರ್ಷಗಳಲ್ಲಿ ಆ ಮಕ್ಕಳು ತಂದೆಯ ಮೇಲೆಯೇ ತಿರುಗಿಬಿದ್ದರು. ೮೪೦ರಲ್ಲಿ ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ರಾಜ್ಯದ ಪಾಲಿಗಾಗಿ ಯುದ್ಧಕ್ಕೆ ನಿಂತರು. ಲೋಕದಲ್ಲಿ ಕತ್ತಿ ಹಿಡಿದು ಎದುರುಬದುರಾದವರು ಪ್ರಾರ್ಥನೆಯ ಪುಸ್ತಕದಲ್ಲಿ ಒಟ್ಟಿಗೇ ಉಳಿದರು!

ಈ ಜಗಳದ ಬಿಸಿ ಮಠಕ್ಕೂ ತಟ್ಟಿತು. ಆಗ ಮಠಾಧಿಪತಿಯಾಗಿದ್ದವರು ವಾಲಾಫ್ರಿಡ್ ಸ್ಟ್ರಾಬೊ. ತೋಟದ ಗಿಡಮೂಲಿಕೆಗಳ ಮೇಲೆ ಕಾವ್ಯ ಬರೆದ ಪಂಡಿತರು. ಅವರು ಹಿರಿಯಣ್ಣ ಲೊಥಾರನ ಪಕ್ಷದಲ್ಲಿದ್ದುದರಿಂದ ತಮ್ಮನಾದ ಜರ್ಮನಿಯ ಲೂಯಿಗೆ ಬೇಡವಾದರು. ೮೪೦ರಲ್ಲಿ ಮಠವನ್ನೇ ಬಿಟ್ಟು ಹೋಗಬೇಕಾಯಿತು. ಎರಡು ವರ್ಷಗಳ ನಂತರ ಮರಳಿ ಬಂದರು.

ಮುಂದೆ ನಡೆದದ್ದನ್ನು ಗಮನಿಸಿರಿ. ೮೪೯ರಲ್ಲಿ ಅದೇ ಲೂಯಿಯ ದೂತರಾಗಿ, ಅವನ ತಮ್ಮ ಚಾರ್ಲ್ಸನ ಬಳಿಗೆ ವಾಲಾಫ್ರಿಡ್ ಹೊರಟರು. ಫ್ರಾನ್ಸಿನ ಲುವಾರ್ ನದಿಯಲ್ಲಿ ಮುಳುಗಿ ಪ್ರಾಣಬಿಟ್ಟರು. ತಮ್ಮನ್ನು ಹೊರದೂಡಿದವನ ಕೆಲಸಕ್ಕೆಂದೇ ಹೋದ ದಾರಿಯಲ್ಲಿ ಅವರ ಜೀವ ಮುಗಿಯಿತು.

ಪ್ರಿಯರೇ, ಒಳ್ಳೆಯ ಕುರುಬರಾದ ಪ್ರಭುಯೇಸು ತಮ್ಮ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾರೆ. ನಮಗೆ ಬೇಡವಾದವನ ಹೆಸರನ್ನೂ ಅವರು ಅಷ್ಟೇ ಪ್ರೀತಿಯಿಂದ ಕರೆಯುತ್ತಾರೆ. ಹೆಸರು ಹೇಳಿ ಪ್ರಾರ್ಥಿಸಿದ ಮಾತ್ರಕ್ಕೆ ಜಗಳ ತೀರಲಿಕ್ಕಿಲ್ಲ. ಆ ಅರಸರ ಜಗಳವೂ ತೀರಲಿಲ್ಲ. ಆದರೆ ದಿನವೂ ದೇವರ ಮುಂದೆ ಯಾರ ಹೆಸರು ಹೇಳುತ್ತೇವೋ ಅವರನ್ನು ಬಹಳ ಕಾಲ ದ್ವೇಷಿಸುವುದು ಕಷ್ಟ.

ಆ ಮಠ ಈಗ ಹಿಂದಿನಂತಿಲ್ಲ. ಪುಸ್ತಕ ಮಾತ್ರ ಸ್ವಿಟ್ಸರ್‌ಲೆಂಡಿನ ಜ್ಯೂರಿಕ್ ಗ್ರಂಥಾಲಯದಲ್ಲಿ ಭದ್ರವಾಗಿದೆ. ನಮ್ಮ ಮನೆಯ ಪುಸ್ತಕ ನಮ್ಮ ನಾಲಿಗೆಯೇ. ಇಂದು ಸಂಜೆ ಜಪಸರ ಮುಗಿದಾಗ, ಇಷ್ಟು ದಿನ ಬಿಟ್ಟುಹೋದ ಆ ಒಂದು ಹೆಸರನ್ನು ಮಕ್ಕಳಿಗೂ ಕೇಳುವಂತೆ ಹೇಳೋಣ. ಉಳಿದದ್ದನ್ನು ಪ್ರಭು ನೋಡಿಕೊಳ್ಳುತ್ತಾರೆ.