ಹಿಟ್ಟಿನ ಹುಂಜ, ಖಾಲಿ ಜೇಬು

ಸಂತೆಯಲ್ಲಿ ಜೇಬುಗಳ್ಳನೊಬ್ಬ ಪಕ್ಕದವನ ಜೇಬಿಗೆ ಕೈ ಹಾಕುತ್ತಾನೆ. ಜೇಬು ಖಾಲಿ. ಯಾರ ಒಂದು ಪೈಸೆಯೂ ಹೋಗಲಿಲ್ಲ, ಆದರೂ ಅವನು ಅಪರಾಧಿ. 1860ರ ದಂಡ ಸಂಹಿತೆ 511ನೇ ಕಲಮಿನ ಕೆಳಗೆ ಈ ಉದಾಹರಣೆಯನ್ನು ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಕಲಮು 62 ಆಯಿತು, ಖಾಲಿ ಜೇಬು ಮಾತ್ರ ಹಾಗೇ ಉಳಿಯಿತು. ತಾಲ್ಲೂಕು ಕೋರ್ಟಿನಲ್ಲಿ ಕರಿಕೋಟು ತೊಟ್ಟೇ ತಲೆ ನರೆಸಿಕೊಂಡ ನನಗೆ ಜನ್ನನ 'ಯಶೋಧರ ಚರಿತೆ'ಯ ಒಳಗೆ ದಾರಿ ಸಿಕ್ಕಿದ್ದು ಈ ಜೇಬಿನ ಮೂಲಕ.

ಬಿ.ಎ.ಯಲ್ಲಿ ಅದು ನಮಗೆ ಪಠ್ಯವಾಗಿತ್ತು. ಆಗ ಹುಡುಗರಿಗೆಲ್ಲ ಅದು ರಾಣಿ ಅಮೃತಮತಿ ಮತ್ತು ಮಾವುತ ಅಷ್ಟಾವಂಕನ ಕಥೆ, ಅಷ್ಟೇ. ಉಳಿದ ಜನ್ಮಾಂತರಗಳನ್ನು ಗೈಡಿನಿಂದ ಬಾಯಿಪಾಠ ಮಾಡಿ ಪಾಸಾದೆವು. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ 1209ರಲ್ಲಿ ಬರೆದ ಈ ಕಾವ್ಯ ಮುನ್ನೂರು ಚಿಲ್ಲರೆ ಪದ್ಯಗಳದ್ದು, ಬಹುಪಾಲು ಕಂದ. ಗದ್ಯಾನುವಾದವನ್ನು ಪಕ್ಕಕ್ಕಿಟ್ಟುಕೊಂಡು ಕೂತರೆ ಹಳಗನ್ನಡದ ಬಿಗಿ ಒಂದೆರಡು ವಾರದಲ್ಲಿ ಸಡಿಲುತ್ತದೆ. ಬಿಡಿಸಿಕೊಳ್ಳಲು ಕಷ್ಟವಾಗುವುದು ಕಥೆಯ ಗಂಟು.

ಕಥೆ ಹೀಗೆ. ಬೆಳಗಿನ ಜಾವದ ಹಾಡಿಗೆ ಮನಸೋತು ರಾಣಿ ಕುರೂಪಿ ಮಾವುತನ ಬಳಿ ಹೋಗುತ್ತಾಳೆ. ರಾಜ ಯಶೋಧರ ಹಿಂದೆಯೇ ಹೋಗಿ ಕಣ್ಣಾರೆ ನೋಡುತ್ತಾನೆ, ಇಬ್ಬರನ್ನೂ ಕಡಿಯಲು ಕತ್ತಿ ಎತ್ತಿ ತಡೆದುಕೊಳ್ಳುತ್ತಾನೆ. ಮಾರನೆಯ ದಿನ ಅವನ ಮುಖ ಬಾಡಿದ್ದನ್ನು ಕಂಡು ತಾಯಿ ಚಂದ್ರಮತಿ ಕಾರಣ ಕೇಳಿದರೆ, ಕೆಟ್ಟ ಕನಸು ಬಿತ್ತು ಎನ್ನುತ್ತಾನೆ. ಕನಸಿನ ದೋಷಕ್ಕೆ ದೇವಿಗೆ ಪ್ರಾಣಿಬಲಿ ಕೊಡು ಅನ್ನುತ್ತಾಳೆ ತಾಯಿ. ಜೀವಹಿಂಸೆ ಒಲ್ಲೆ ಅನ್ನುತ್ತಾನೆ ಮಗ. ಕೊನೆಗೆ ಹಿಟ್ಟಿನ ಹುಂಜವೊಂದನ್ನು ಮಾಡಿ ಕಡಿಯುವುದೆಂದಾಯಿತು. ಕತ್ತಿ ಬಿದ್ದಾಗ ಆ ಹಿಟ್ಟಿನ ಹುಂಜ ಕೂಗಿಬಿಡುತ್ತದೆ. ಮುಂದೆ ರಾಣಿಯೇ ಇಬ್ಬರಿಗೂ ವಿಷವಿಕ್ಕುತ್ತಾಳೆ. ತಾಯಿ ಮಗ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿ ಎಂದು ಹುಟ್ಟಿ ಹುಟ್ಟಿ ಸಾಯುತ್ತಾರೆ. ಕಡೆಗೆ ಕೋಳಿಗಳಾಗಿದ್ದಾಗ ಯಶೋಧರನ ಸ್ವಂತ ಮಗನ ಬಾಣಕ್ಕೇ ಸತ್ತು, ಅದೇ ಮಗನಿಗೆ ಅವಳಿಗಳಾಗಿ ಹುಟ್ಟುತ್ತಾರೆ.

ವಕೀಲನ ಬುದ್ಧಿಗೆ ಮೊದಲು ತಟ್ಟುವುದು ಶಿಕ್ಷೆಯ ಪ್ರಮಾಣ. ಒಂದು ಮುದ್ದೆ ಹಿಟ್ಟಿಗೆ ಇಷ್ಟು ಜನ್ಮವೇ? ಜೇಬುಗಳ್ಳನ ಕಾಯ್ದೆಯೂ ಇಲ್ಲಿ ಕೈಕೊಡುತ್ತದೆ. ಅವನು ಜೇಬಿನಲ್ಲಿ ದುಡ್ಡಿದೆ ಎಂದು ನಂಬಿ ಕೈ ಹಾಕಿದವನು. ಯಶೋಧರನಿಗೆ ಎದುರಿರುವುದು ಬರೀ ಹಿಟ್ಟು ಎಂದು ಚೆನ್ನಾಗಿ ಗೊತ್ತು, ಹಿಟ್ಟನ್ನು ಆರಿಸಿಕೊಂಡದ್ದೇ ಅದಕ್ಕಾಗಿ. ಯಾವ ಮ್ಯಾಜಿಸ್ಟ್ರೇಟರೂ ಇದನ್ನು ಕೇಸೆಂದು ದಾಖಲಿಸಿಕೊಳ್ಳಲಾರರು. ಜೈನ ಶಾಸ್ತ್ರ ದಾಖಲಿಸಿಕೊಳ್ಳುತ್ತದೆ. ಅದರಲ್ಲಿ ದ್ರವ್ಯಹಿಂಸೆ ಬೇರೆ, ಭಾವಹಿಂಸೆ ಬೇರೆ. ಎಚ್ಚರದಿಂದ ನಡೆಯುವ ಮುನಿಯ ಕಾಲಡಿಗೆ ಅರಿಯದೆ ಹುಳ ಸತ್ತರೆ ಅವನಿಗೆ ಹಿಂಸೆಯ ಪಾಪ ಅಂಟುವುದಿಲ್ಲ. ಕೊಲ್ಲುವ ಭಾವ ಹೊತ್ತವನು ಯಾರನ್ನೂ ಕೊಲ್ಲದಿದ್ದರೂ ಅಂಟುತ್ತದೆ.

ಆದರೆ ಯಶೋಧರ ಹೊತ್ತ ಭಾವ ಯಾರ ಮೇಲಿನದು? ಹುಂಜದ ಮೇಲೆ ಅವನಿಗೇನು ಹಗೆ? ಹಿಂದಿನ ರಾತ್ರಿ ಎತ್ತಿ ಇಳಿಸಿದ ಕತ್ತಿಯೇ ಹಿಟ್ಟಿನ ಮೇಲೆ ಬಿತ್ತು ಎಂದು ನಾನು ಓದಿಕೊಂಡಿದ್ದೇನೆ. ಇದು ನನ್ನ ವಾದ, ಜನ್ನನ ತಲೆಗೆ ಕಟ್ಟಲಾರೆ. ಅದಕ್ಕಿಂತ ನನ್ನನ್ನು ಕಾಡುವುದು ಆ ರಾಜಿ. ತಾಯಿಯ ಮಾತೂ ಉಳಿಯಬೇಕು, ತನ್ನ ವ್ರತವೂ ಉಳಿಯಬೇಕು, ಹೆಂಡತಿಯ ವಿಷಯ ಹೊರಗೂ ಬರಬಾರದು. ಮೂರನ್ನೂ ಒಂದೇ ಹಿಟ್ಟಿನ ಮುದ್ದೆಯಲ್ಲಿ ಮುಗಿಸಿದ. ಲೋಕ ಅದಾಲತ್ತಿನಲ್ಲಿ ಇಂಥ ಎಷ್ಟೋ ರಾಜಿಗಳಿಗೆ ನಾನೇ ಕಕ್ಷಿದಾರರಿಂದ ಸಹಿ ಹಾಕಿಸಿದ್ದೇನೆ, ಕೈ ಕುಲುಕಿಸಿ ಕಳಿಸಿದ್ದೇನೆ. ಕೇಸು ಮುಗಿಯುತ್ತದೆ, ಅಣ್ಣತಮ್ಮಂದಿರ ನಡುವೆ ಬದು ಮಾತ್ರ ಕೂಗುತ್ತಲೇ ಇರುತ್ತದೆ.

ಹಳೆಯ ಕಾವ್ಯ ಈಗ ಯಾಕೆ ಎಂದು ಕೇಳುವವರಿಗೆ ನಮ್ಮ ಕೋರ್ಟಿನ ಪಕ್ಕದ ಸರ್ಕಲ್ಲನ್ನು ತೋರಿಸಬಹುದು. ಪ್ಯಾಂಟು ಶರ್ಟಿಗೆ ಹುಲ್ಲು ತುರುಕಿ, ಮುಖಕ್ಕೆ ಯಾರದೋ ಫೋಟೋ ಅಂಟಿಸಿ, ಚಪ್ಪಲಿಯಲ್ಲಿ ಬಡಿದು ಸುಡುತ್ತಾರೆ. ಪ್ರತಿಕೃತಿ ದಹನ. ಸತ್ತವರು ಯಾರೂ ಇಲ್ಲ. ಇದು ಪ್ರತಿಭಟನೆ ಎಂದು ನಾನೂ ವಾದಿಸಬಲ್ಲೆ, ಗೆಲ್ಲಲೂಬಲ್ಲೆ. ಆದರೂ ಆ ಹುಲ್ಲಿಗೆ ಬಡಿಯುವ ಹುಡುಗನ ಮುಖ ನೋಡಿದಾಗ ಕಿವಿ ತಂತಾನೆ ನೆಟ್ಟಗಾಗುತ್ತದೆ, ಹುಲ್ಲು ಎಲ್ಲಿ ಕೂಗಿಬಿಡುತ್ತದೋ ಎಂದು.

ಹಾಗೆಂದು ಜನ್ನನಿಗೆ ಪೂರಾ ತಲೆಬಾಗಲು ನಾನು ಸಿದ್ಧನಿಲ್ಲ. ಆಯುಧಪೂಜೆಯ ದಿನ ಕುಂಕುಮ ತುಂಬಿದ ಬೂದುಗುಂಬಳ ಒಡೆಯುತ್ತೇವಲ್ಲ, ಅದೂ ಹಿಟ್ಟಿನ ಹುಂಜವೇ. ಮಾರನೆಯ ದಿನ ಅದರ ಹೋಳಿನ ಮೇಲೆ ಸ್ಕೂಟರ್ ಜಾರಿ ಬೀಳುವವರ ಮಾತು ಬೇರೆ. ಕುರಿಯ ಕಡೆಯಿಂದ ನೋಡಿದರೆ ಈ ಕುಂಬಳಕಾಯಿಗಿಂತ ದೊಡ್ಡ ಧರ್ಮ ಯಾವುದು? ಕರ್ನಾಟಕದ ಪ್ರಾಣಿಬಲಿ ನಿಷೇಧ ಕಾಯ್ದೆ 1959ರದು. ಅದು ಹುಟ್ಟುವ ಎಷ್ಟೋ ಮೊದಲೇ ರಕ್ತದ ಜಾಗಕ್ಕೆ ಕುಂಕುಮ ತಂದವರ ಕರುಣೆಯನ್ನು ಭಾವಹಿಂಸೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಜನ್ನ ಕಡಿಯುವವನ ಕಡೆಯಿಂದ ನೋಡಿದ. ಕಡಿಸಿಕೊಳ್ಳುವ ಪ್ರಾಣಿಯ ಕಡೆಯಿಂದಲೂ ನೋಡಿದ ಎನ್ನಬೇಕು, ಇಲ್ಲದಿದ್ದರೆ ರಾಜನನ್ನು ಆಡು ಕೋಳಿ ಮಾಡಿ ಅಲೆಸುತ್ತಿರಲಿಲ್ಲ. ಇಲ್ಲಿಗೆ ಬಂದರೆ ನನ್ನ ವಾದವೇ ಕುಂಟುತ್ತದೆ, ಪುಸ್ತಕ ಮುಚ್ಚಲಾಗುವುದಿಲ್ಲ.

ತೀರ್ಮಾನವಾದ ಕೇಸನ್ನು ಯಾರೂ ಮತ್ತೆ ಮತ್ತೆ ವಾದಿಸುವುದಿಲ್ಲ. ಈ ಕಥೆಯನ್ನು 959ರಲ್ಲಿ ಸೋಮದೇವ ಸಂಸ್ಕೃತದಲ್ಲಿ ಹೇಳಿದ, ಪುಷ್ಪದಂತ ಅಪಭ್ರಂಶದಲ್ಲಿ ಹೇಳಿದ, ವಾದಿರಾಜ ಮತ್ತೆ ಸಂಸ್ಕೃತದಲ್ಲಿ ಹೇಳಿದ, ಆಮೇಲೆ ಜನ್ನ ಹೇಳಿದ. 1980ರಲ್ಲಿ ಗಿರೀಶ ಕಾರ್ನಾಡರು ಇದನ್ನೇ 'ಹಿಟ್ಟಿನ ಹುಂಜ' ನಾಟಕ ಮಾಡಿದರು. ಅಹಿಂಸೆ ಪರಮಧರ್ಮ ಎಂಬ ಒಂದು ಮಾತಿಗಾಗಿಯೇ ಆಗಿದ್ದರೆ ಇಷ್ಟು ಜನ ಇಷ್ಟು ಶತಮಾನ ಒದ್ದಾಡಬೇಕಿರಲಿಲ್ಲ. ಮೊಬೈಲಿನಲ್ಲಿ ಸಾರಾಂಶ ಎರಡು ನಿಮಿಷಕ್ಕೆ ಸಿಗುತ್ತದೆ, ಅದರಲ್ಲಿ ಕರ್ಮಸಿದ್ಧಾಂತ ಇರುತ್ತದೆ. ಮಗನ ಹಟಕ್ಕೂ ತಾಯಿಯ ಭಯಕ್ಕೂ ನಡುವೆ ಆ ಹಿಟ್ಟು ಹೇಗೆ ಹುಂಜವಾಯಿತು ಎಂಬುದು ಪದ್ಯಗಳಲ್ಲೇ ಇದೆ.

ನನ್ನ ಜೂನಿಯರ್ ಹುಡುಗಿಗೆ ಪುಸ್ತಕ ಕೊಟ್ಟಿದ್ದೆ. ಓದಿ ಬಂದವಳು ಚಾರ್ಜ್‌ಶೀಟೇ ತಪ್ಪು ಸರ್ ಅಂದಳು. ಅವಳ ಪ್ರಕಾರ ಕೃತ್ಯಕ್ಕೆ ಒತ್ತಾಯಿಸಿದ ಚಂದ್ರಮತಿ ಮೊದಲನೇ ಆರೋಪಿ, ಯಶೋಧರ ಎರಡನೆಯವನು. ಅಮೃತಮತಿಯ ಹೇಳಿಕೆಯನ್ನು ಸರಿಯಾಗಿ ದಾಖಲಿಸಿಕೊಂಡೇ ಇಲ್ಲ, ಅವಳನ್ನು ನೇರ ನರಕಕ್ಕೆ ಕಳಿಸಿದ್ದಾರೆ, ಮಾವುತನನ್ನಂತೂ ಯಾರೂ ವಿಚಾರಿಸಿಯೇ ಇಲ್ಲ. ವಿಷವಿಕ್ಕಿ ಎರಡು ಕೊಲೆ ಮಾಡಿದವಳಮ್ಮ ಅವಳು ಅಂದೆ. ಅದನ್ನು ಒಪ್ಪುತ್ತೇನೆ ಸರ್, ಆದರೆ ಅದು ಬೇರೆ ಕೇಸು, ಎರಡನ್ನೂ ಒಂದೇ ಫೈಲಿಗೆ ಹೊಲಿದದ್ದು ಯಾಕೆ ಅಂದಳು. ಅಷ್ಟರಲ್ಲಿ ಬೆಂಚ್ ಕ್ಲರ್ಕ್ ನಮ್ಮ ಕೇಸು ಕರೆದರು, ಎದ್ದು ಹೋದೆವು.