ಸಮ ಅಂದ್ರೆ ಸರೀನಾ?

ದೋಣಿ ಅಂದಮೇಲೆ ಎಡ-ಬಲ ಸಮ ಇರಬೇಕು ಅಂತ ರಬಕವಿ ಹತ್ತಿರದ ಕೃಷ್ಣಾ ದಂಡೆಯ ನಮ್ಮಂಥವರ ಲೆಕ್ಕ. ವೆನಿಸ್‌ನ ಗೊಂಡೊಲಾ ಹಾಗಿಲ್ಲ. ಸುಮಾರು 11 ಮೀಟರ್ ಉದ್ದದ ಅದರ ಎಡಭಾಗ ಬಲಕ್ಕಿಂತ 24 ಸೆಂಟಿಮೀಟರ್ ಅಗಲ. ಯಾಕಂದ್ರೆ ಅದಕ್ಕೆ ಹುಟ್ಟು ಒಂದೇ, ಅದೂ ಬಲಗಡೆ. ಅಂಬಿಗ ಹಿಂದೆ ನಿಂತು ಒಂದೇ ಬದಿ ಹುಟ್ಟು ಹಾಕಿದರೆ ಸಮ ದೋಣಿ ಎಡಕ್ಕೆ ತಿರುಗುತ್ತಾ ಹೋಗುತ್ತೆ. ಅದಕ್ಕೇ ದೋಣಿಯನ್ನೇ ಸೊಟ್ಟ ಕಟ್ಟಿದ್ದಾರೆ, ನೆಟ್ಟಗೆ ಹೋಗಲಿ ಅಂತ.

ನಮ್ಮ ಹರಿಗೋಲು ಎಲ್ಲ ಕಡೆಯೂ ಸಮ, ದುಂಡಗೆ. ಅದು ಗಿರಗಿರ ಸುತ್ತೋದನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಕೂಡ ಬರೆದಿಟ್ಟಿದ್ದಾನೆ.

ಈಗ ನಮ್ಮ ಆಫೀಸುಗಳಿಗೆ ಬನ್ನಿ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವಳಿಗೂ ಬೆಂಗಳೂರಿನ ಕಾನ್ವೆಂಟ್ ಹುಡುಗನಿಗೂ ಅದೇ ಇಂಟರ್‌ವ್ಯೂ, ಅದೇ ಇಂಗ್ಲಿಷ್, ಅಷ್ಟೇ ನಿಮಿಷ. ಉತ್ತರ ಗೊತ್ತಿದ್ದವಳು ವಾಕ್ಯ ಹುಡುಕುವಷ್ಟರಲ್ಲಿ ಟೈಮ್ ಮುಗಿದಿರುತ್ತೆ. "ಎಲ್ಲರಿಗೂ ಒಂದೇ ರೂಲ್, ಇನ್ನೇನು ಬೇಕು?" ಅಂತಾರೆ. ರೂಲ್ ಸಮ, ನಿಜ. ಹುಟ್ಟು ಮಾತ್ರ ಒಂದೇ ಬದಿಗೆ ಬೀಳ್ತಿದೆ. ಕನ್ನಡದಲ್ಲಿ ಹುಟ್ಟು ಅಂದ್ರೆ ಜನ್ಮವೂ ಹೌದು.

ಹಾಗಂತ ಎಷ್ಟು ಬೇಕಾದರೂ ಬಾಗಿಸಬಹುದಾ? ಇಲ್ಲ. ಅತಿಯಾದರೆ ದೋಣಿ ಬಲಕ್ಕೆ ತಿರುಗುತ್ತೆ. ನ್ಯಾಯಕ್ಕೂ ಅಳತೆ ಬೇಕು. ಪ್ರಶ್ನೆ ಅಷ್ಟೇ ಕಠಿಣ ಇರಲಿ, ಕೋಡ್ ಅವಳೇ ಬರೆಯಲಿ, ವಿವರಣೆ ಕನ್ನಡದಲ್ಲಿ ಕೊಟ್ಟರೂ ಕೇಳೋಣ. ಕೆಲಸಕ್ಕೆ ಬೇಕಾದ ಇಂಗ್ಲಿಷ್ ಆರು ತಿಂಗಳಲ್ಲಿ ಬರುತ್ತೆ. ಯೋಚನೆ ಮಾಡೋ ತಲೆ ಹಾಗೆ ಬರೋದಿಲ್ಲ.

ಯಾರಾದರೂ "ಇದು ಸೊಟ್ಟ" ಅಂದಾಗ ಒಂದೇ ಪ್ರಶ್ನೆ ಕೇಳಿ: ಹುಟ್ಟು ಯಾವ ಕಡೆಗಿದೆ?