ಗರಿ ಉದುರಿಸುವ ಬಾತಿಗೆ ಕೂಳು ಸಲ್ಲುವದೋ?

ಬಾತುಕೋಳಿಗಳನ್ನು ಸಾಕುವವರು ವರುಷಕ್ಕೊಮ್ಮೆಯಾದರೂ ಕಾಣುವ ಸಂಗತಿಯೊಂದುಂಟು. ಮೊಟ್ಟೆಯಿಡುವ ಕಾಲವು ತೀರುತ್ತಲೇ ಗೂಡಿನ ನೆಲದಲ್ಲೆಲ್ಲಾ ಗರಿಗಳು ಹರಡುವವು, ಹಕ್ಕಿಯು ಮಂಕಾಗುವದು, ಮೊಟ್ಟೆಯು ನಿಂತುಹೋಗುವದು. ಆಗ ಮನೆಯಲ್ಲಿ ಒಂದು ಮಾತು ಹುಟ್ಟುವದು: ಏನೂ ಕೊಡದ ಹಕ್ಕಿಗೆ ಕೂಳು ಯಾಕೆ ಹಾಕಬೇಕು? ಮಾತು ಚಿಕ್ಕದಾದರೂ ಅದರೊಳಗೆ ನ್ಯಾಯಾನ್ಯಾಯದ ಪ್ರಶ್ನೆಯು ಅಡಗಿರುವದರಿಂದ ನಾವು ಅದನ್ನು ಸ್ವಲ್ಪ ವಿಚಾರಿಸುವೆವು.

ಮಸ್ಕವಿ ಎಂಬ ಜಾತಿಯನ್ನು ಬಿಟ್ಟರೆ ಸಾಕುಬಾತುಗಳೆಲ್ಲವು ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿಯವುಗಳೇ. ಯುರೋಪಿನಲ್ಲಿ ಆ ಕಾಡುಬಾತಿನ ಗಂಡು ಜೂನ್ ತಿಂಗಳ ಸುಮಾರಿಗೆ ತಲೆಯ ಹೊಳೆಯುವ ಹಸುರನ್ನೂ ಕೊರಳಿನ ಬಿಳೀ ಪಟ್ಟಿಯನ್ನೂ ಬಾಲದ ಸುರುಳಿ ಗರಿಗಳನ್ನೂ ಕಳಕೊಂಡು ಹೆಣ್ಣಿನ ಹಾಗೆ ಕಂದು ಬಣ್ಣದ್ದಾಗುವದು. ಪಕ್ಷಿಶಾಸ್ತ್ರದವರು ಇದಕ್ಕೆ ಗ್ರಹಣವೆಂದೇ ಹೆಸರಿಟ್ಟಿದ್ದಾರೆ. ಫ್ರಾನ್ಸ್ ದೇಶದ ರುವಾನ್ ಬಾತಿನಲ್ಲಿಯೂ ಈ ಮಾರ್ಪಾಟು ಕಾಣುವದು; ಬಿಳೀ ಪೀಕಿಂಗ್ ಬಾತಿನಲ್ಲಿ ಗರಿ ಉದುರಿದರೂ ಬಣ್ಣದ ಭೇದವು ತಿಳಿಯದು. ಇಂಥ ಕಾಲದಲ್ಲಿ ಗಂಡನ್ನು ಹೆಣ್ಣೆಂದು ಕೊಂಡು ಆಮೇಲೆ ಜಗಳವಾಡುವವರು ಅದರ ಕೂಗನ್ನು ಕೇಳಿದ್ದರೆ ಸಾಕಾಗಿತ್ತು. ಗಟ್ಟಿಯಾಗಿ ಕೂಗುವದು ಹೆಣ್ಣು. ಗಂಡಿನ ಸ್ವರವು ಒಡಕಲು.

ರೆಕ್ಕೆಯ ಸಂಗತಿಯು ಇದಕ್ಕಿಂತ ದೊಡ್ಡದು. ಕಾಗೆಯು ಹಾರುವ ಗರಿಗಳನ್ನು ಒಂದೊಂದಾಗಿ ಬಿಡುವದು. ಕಾಡುಬಾತಾದರೋ ಅವೆಲ್ಲವನ್ನು ಒಟ್ಟಿಗೆ ಕಳಚಿ, ಮೂರು ನಾಲ್ಕು ವಾರಗಳ ವರೆಗೆ ಹಾರಲಾರದೆ ಜೊಂಡಿನಲ್ಲಿ ಅಡಗಿಕೊಂಡಿರುವದು. ಮಂಕಾದ ಬಣ್ಣವು ಆಗ ಅದಕ್ಕೆ ಮರೆಯಾಗುತ್ತದೆ. ಗರಿಯ ಹೆಚ್ಚಿನ ಪಾಲು ನಮ್ಮ ಉಗುರು ಕೂದಲುಗಳಂತೆ ಸಸಾರಜನಕದಿಂದಾದದ್ದು. ಹೊಸ ಗರಿಯ ಬುಡದಲ್ಲಿ ರಕ್ತವು ತುಂಬಿರುವದು; ಅದನ್ನು ಕಿತ್ತರೆ ನೆತ್ತರು ಸುರಿದು ಹಕ್ಕಿಗೆ ನೋವಾಗುವದು. ಹೀಗಿರಲಾಗಿ, ಮೊಟ್ಟೆಯನ್ನು ನಿಲ್ಲಿಸಿದ ಹಕ್ಕಿಯು ಸೋಮಾರಿಯಾಗಿದೆ ಎಂದು ಹೇಳಕೂಡದು. ಮೊಟ್ಟೆಗೆ ಹೋಗುತ್ತಿದ್ದ ಸತ್ವವನ್ನು ಅದು ಮೈಹೊದಿಕೆಗೆ ವೆಚ್ಚ ಮಾಡುತ್ತದೆ.

ಆದರೂ ಬಡವನ ಮನೆಯಲ್ಲಿ ಮಕ್ಕಳ ಅನ್ನಕ್ಕೇ ಕಷ್ಟವಿರುವಾಗ ಬಾತಿಗೆ ಎಲ್ಲಿಂದ ತರುವದು ಎಂದು ಕೇಳುವವರುಂಟು. ಈ ಮಾತನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಮಕ್ಕಳು ಮೊದಲು, ಬಾತು ಆಮೇಲೆ. ಆದರೆ ಕೂಳಿನ ಸಾಲವು ಮೊಟ್ಟೆಯಿಂದ ಹುಟ್ಟಿತೆಂದು ತಿಳಿಯುವದೇ ತಪ್ಪೆಂದು ನಮಗೆ ತೋರುತ್ತದೆ. ಅದು ಬೇಲಿಯಿಂದ ಹುಟ್ಟಿತು. ಕಾಡುಬಾತು ಗರಿ ಬಿಟ್ಟಾಗಲೂ ಜೊಂಡಿನೊಳಗೆ ತನ್ನ ಮೇವನ್ನು ತಾನೇ ಹುಡುಕುವದು. ಇದನ್ನಾದರೋ ನಾವು ಕೂಡಿಹಾಕಿ, ನಮ್ಮ ಕೈಯನ್ನೇ ನೋಡಿಕೊಂಡಿರುವಂತೆ ಮಾಡಿದೆವು. ಹುಡುಕುವ ದಾರಿಯನ್ನು ಮುಚ್ಚಿದವನು ಕೈಯನ್ನೂ ಮುಚ್ಚಿಕೊಂಡರೆ ಅದನ್ನು ಮಿತವ್ಯಯವೆಂದು ಕರೆಯಲಾದೀತೇ? ನಮ್ಮ ದೇಶದಲ್ಲಿ 1960ನೆಯ ಇಸವಿಯ ಪ್ರಾಣಿಹಿಂಸೆ ತಡೆಯುವ ಕಾನೂನು ಸಹ ಸಾಕಿದ ಪ್ರಾಣಿಗೆ ಸಾಕಾದಷ್ಟು ಆಹಾರ ಕೊಡದಿರುವದನ್ನು ಅಪರಾಧವೆಂದು ಎಣಿಸುತ್ತದೆ. ದೊಡ್ಡ ಕೋಳಿಸಾಕಣೆಗಳಲ್ಲಿ ಬೇಗ ಗರಿ ಉದುರಿ ಬೇಗ ಮೊಟ್ಟೆ ಬರಲೆಂದು ಹಕ್ಕಿಗಳನ್ನು ಉಪವಾಸ ಕೆಡಹುವ ಪದ್ಧತಿಯು ನಡೆದುಬಂದದ್ದುಂಟು. ಅವರು ದೊಡ್ಡವರೆಂದು ಅವರ ಲೆಕ್ಕವನ್ನು ನಾವು ಕಲಿಯಬೇಕಾಗಿಲ್ಲ.

ಸಾಕಲಾರದವನು ಮಾರಲಿ, ಆದರೆ ಇದು ಗರಿ ಬಿಡುತ್ತಿದೆ, ಕೆಲವು ವಾರ ಮೊಟ್ಟೆ ಸಿಕ್ಕದು ಎಂದು ಬಾಯಿಬಿಟ್ಟು ಹೇಳಿ ಮಾರಲಿ, ಬೆಲೆಯು ಇಳಿದರೆ ಇಳಿಯಲಿ. ಕೊಯ್ಯುವವನು ಒಂದೇ ಏಟಿಗೆ ಕೊಯ್ಯಲಿ. ಮೊಳೆಯುವ ಗರಿಗಳಿಂದ ಮೈಯನ್ನು ಬಿಡಿಸುವದು ಮಾತ್ರ ಬಹಳ ತೊಡಕಿನ ಕೆಲಸ. ಇಟ್ಟುಕೊಳ್ಳುವವನು ಕೊಯ್ಲಾದ ಗದ್ದೆಗೋ ಕೆರೆಯ ಅಂಚಿಗೋ ಅದನ್ನು ಬಿಟ್ಟರೆ, ಬಿದ್ದ ಕಾಳನ್ನೂ ಬಸವನಹುಳವನ್ನೂ ತಾನೇ ಆರಿಸಿಕೊಳ್ಳುವದು. ಮನೆಯಲ್ಲಿ ಮೀನಿನ ತಲೆ ಕರುಳುಗಳಿದ್ದರೆ ಬೇಯಿಸಿ ಹಾಕಬಹುದು. ಬೂಸಲು ಹಿಡಿದ ಶೇಂಗಾ ಹಿಂಡಿಯನ್ನು, ದನವು ತಿಂದೀತೆಂಬ ಧೈರ್ಯದಿಂದ, ಇದಕ್ಕೆ ಹಾಕಬಾರದು. ಬಾತಿನ ಪಿತ್ತಜನಕಾಂಗವನ್ನು ಕೆಡಿಸುವ ವಿಷವು ಅದರಲ್ಲಿ ಹುಟ್ಟುತ್ತದೆ.